ಭುಜದ ಮೇಲಿನ ಮೂರು ಕುಡುಗೋಲು

ಅಂಗಡಿಗಳು ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೆಲ್ಲ ಚಿತ್ರದಂಗಡಿಯ ಯೊಹೇಯಿ ಕಾಂದಾ ಕೇರಿಯ ಓಣಿಯಲ್ಲಿ ಓಡಿ ಬಂದ. ಓಡುವ ಮೈಯಲ್ಲ ಅವನದು. ಹೊಟ್ಟೆ ಮುಂದೆ, ಅವನು ಹಿಂದೆ. ಒಂದು ಕಾಲಿನ ಮರದ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು, ಅದು ಅವನಿಗೆ ಗೊತ್ತೇ ಆಗಿರಲಿಲ್ಲ. ಕಂಕುಳಲ್ಲಿ ಬಟ್ಟೆ ಸುತ್ತಿದ ದಪ್ಪ ಹಲಗೆ.

ಮಗೊಹಾಚಿ ಆಗಷ್ಟೇ ಕಿಟಕಿಯ ಕೆಳಗೆ ಕೂತು ಚಾಕು ಮಸೆಯುತ್ತಿದ್ದ. ಐವತ್ಮೂರು ವರ್ಷದವನು, ಮರದ ಅಚ್ಚು ಕೆತ್ತುವುದು ಅವನ ಕಸುಬು. ಅದರಲ್ಲೂ ಸಮುರಾಯ್ ಚಿತ್ರಗಳ ಮೈ ಕೆತ್ತುವವನು. ಕವಚ, ಕವಚದ ಪಟ್ಟಿಗಳನ್ನು ಹೆಣೆದ ದಾರ, ಬಟ್ಟೆಯ ಮಡಿಕೆ, ಕತ್ತಿಯ ಹಿಡಿ, ಇವೆಲ್ಲ ಅವನ ಪಾಲು. ಮುಖ ಮತ್ತು ಕೂದಲು ಬೇರೆಯವನ ಪಾಲು. ಎದೊ ಪಟ್ಟಣದಲ್ಲಿ ಒಬ್ಬನೇ ಕೂತು ಇಡೀ ಸಮುರಾಯ್ ಕೆತ್ತುವುದಿಲ್ಲ. ತಲೆಯವನು ತಲೆ, ಮೈಯವನು ಮೈ.

"ಮಗೊಹಾಚಿ, ನಮ್ಮನ್ನ ಮುಗಿಸ್ಬಿಟ್ಟೆ ಕಣಯ್ಯಾ," ಎಂದ ಯೊಹೇಯಿ.

"ಮೊದ್ಲು ಕಾಲು ತೊಳ್ಕೊಳ್ಳಿ ಯಜಮಾನ್ರೆ, ಚಾಪೆ ಹೊಸ್ದು," ಎಂದಳು ಮಗೊಹಾಚಿಯ ಹೆಂಡತಿ ಒತಾಕಿ.

"ಚಾಪೆಗೆ ಬೆಂಕಿ ಬೀಳ್ಲಿ!"

ಬಟ್ಟೆ ಬಿಚ್ಚಿದ. ಒಳಗಿದ್ದದ್ದು ಮಗೊಹಾಚಿ ಹೋದ ತಿಂಗಳು ಕೆತ್ತಿ ಕೊಟ್ಟ ಚೆರಿ ಮರದ ಹಲಗೆ. ಅದರ ಜೊತೆ ಅದರಿಂದಲೇ ತೆಗೆದ ಒಂದು ಹಾಳೆ, ಬಣ್ಣ ಇನ್ನೂ ಹಸಿಹಸಿ ಹೊಳೆಯುತ್ತಿತ್ತು. ಉರಿಯುವ ಕೋಟೆಯ ಬಾಗಿಲಿನಿಂದ ಒಬ್ಬ ಸಮುರಾಯ್ ಈಟಿ ಹಿಡಿದು ಹೊರಗೆ ನುಗ್ಗುತ್ತಿದ್ದಾನೆ. ಹಲ್ಲು ಕಚ್ಚಿದ್ದಾನೆ, ಒಂದು ಕಣ್ಣು ಮೂಗಿನ ಕಡೆ ಸರಿದಿದೆ, ಶಿರಸ್ತ್ರಾಣದಿಂದ ಕೆದರಿದ ಕೂದಲು ಬೆಂಕಿಯ ಗಾಳಿಗೆ ಹಾರುತ್ತಿದೆ.

ಯೊಹೇಯಿ ಆ ಸಮುರಾಯ್‌ನ ಎಡಭುಜದ ಮೇಲೆ ಬೆರಳಿಟ್ಟ. "ಇದೇನು?"

ಅಲ್ಲೊಂದು ವೃತ್ತ. ಸೋಯಾ ಕಾಳಿನಷ್ಟು. ವೃತ್ತದೊಳಗೆ ಚಕ್ರದ ಹಾಗೆ ಸುತ್ತಿಕೊಂಡ ಮೂರು ಕುಡುಗೋಲು.

"ಮೂರು ಕುಡುಗೋಲು," ಎಂದ ಮಗೊಹಾಚಿ.

"ಅದು ನಂಗೂ ಕಾಣತ್ತೆ. ಯಾರ್ದು ಅದು?"

"ಕುರೊಸಾಕ ಮನೆತನದ್..." ಎಂದವನು ಅಲ್ಲಿಗೇ ನಿಂತ. ಕೈಯಲ್ಲಿದ್ದ ಚಾಕು ಮಣೆಯ ಮೇಲೆ ತಾನಾಗಿ ಇಳಿಯಿತು.

ಆ ಕಾಲದಲ್ಲಿ ಒಂದು ಕಟ್ಟಪ್ಪಣೆ ಇತ್ತು. ಈಗ ಕೋಟೆಗಳಲ್ಲಿ ಕೂತಿರುವ ದೊರೆಮನೆತನಗಳ ಹಿರಿಯರನ್ನು ಅಚ್ಚಿನ ಚಿತ್ರದಲ್ಲಿ ತರಬಾರದು. ಹೆಸರು ಬರಬಾರದು, ಮನೆತನದ ಗುರುತಂತೂ ಬರಲೇಬಾರದು. ಜನರಿಗೋ, ಆ ಹಿರಿಯರ ಕತೆಯೇ ಬೇಕು. ಅದಕ್ಕೆ ಚಿತ್ರದಂಗಡಿಯವರು ಕಂಡುಕೊಂಡ ದಾರಿ ಇಷ್ಟೇ: ಚಿತ್ರ ಆ ಹಿರಿಯನದು, ಮೂಲೆಯಲ್ಲಿ ಬರೆಯುವ ಹೆಸರು ಏಳುನೂರು ವರ್ಷದ ಹಿಂದೆ ಸತ್ತ ಇನ್ಯಾವನದೋ. ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತು, ತಪಾಸಣೆ ಮಾಡಿ ಮೊಹರು ಒತ್ತುವ ಪೇಟೆಯ ಮುಖಂಡನಿಗೂ ಗೊತ್ತು. ಎಲ್ಲರೂ ಕಣ್ಣು ಮಿಟುಕಿಸಬಹುದು, ಯಾರೂ ಬಾಯಿ ಬಿಡಬಾರದು. ಭುಜದ ಮೇಲೆ ಗುರುತು ಹಾಕಿದರೆ ಬೀದಿಯಲ್ಲಿ ನಿಂತು ಹೆಸರು ಕೂಗಿದ ಹಾಗೆ.

ಈ ಚಿತ್ರವನ್ನು ಮೊದಲು ಕೆತ್ತಿದ್ದು ಮಗೊಹಾಚಿ ಅಲ್ಲ. ಮೈ ಕೆತ್ತಿದ್ದವನು ಇನ್ನೊಬ್ಬ, ಆಮೇಲೆ ಒಸಾಕಾಗೆ ಗುಳೆ ಹೋದ. ಚಿತ್ರ ಹುಚ್ಚೆದ್ದು ಮಾರಾಟವಾಯಿತು, ಒತ್ತಿ ಒತ್ತಿ ಹಲಗೆ ಸೀಳು ಬಿಟ್ಟಿತು. ಮಾರಿ ಉಳಿದ ಹಳೆಯ ಹಾಳೆಯೊಂದನ್ನೇ ಹೊಸ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಗೆರೆಗೆ ಗೆರೆ ಮತ್ತೆ ಕೆತ್ತಲು ಯೊಹೇಯಿ ಕೊಟ್ಟಿದ್ದ. ಹಳೆಯದನ್ನೇ ಮತ್ತೆ ಕೆತ್ತುವುದಕ್ಕೆ ಹೊಸ ಮೊಹರು ಬೇಕಿಲ್ಲ, ಯಾರೂ ಪರೀಕ್ಷೆ ಮಾಡುವುದೂ ಇಲ್ಲ. ಆ ಹಳೆಯ ಹಾಳೆಯಲ್ಲಿ ಭುಜದ ವೃತ್ತ ಖಾಲಿಯಾಗಿತ್ತು.

ಖಾಲಿ! ಅದನ್ನು ನೋಡಿದಾಗ ಮಗೊಹಾಚಿಗೆ ಮೈ ಉರಿದಿತ್ತು. ಚಿತ್ರಕಾರರು ಯಾವತ್ತೂ ಹಾಗೇ. ಒಂದು ತೋಳಿನ ನಕಾಸೆ ಬರೆದು ಇನ್ನೊಂದು ತೋಳನ್ನು ಕೆತ್ತುವವನಿಗೆ ಬಿಡುತ್ತಾರೆ. ಬಿಟ್ಟದ್ದನ್ನು ತುಂಬುವವನೇ ಕಸುಬುದಾರ. ಒಂದು ಹೂವೋ ಅಲೆಯೋ ಏನಾದರೂ ಹಾಕಬಾರದೇ ಒಸಾಕಾಗೆ ಹೋದ ಆ ಸೋಮಾರಿ? ಮೂವತ್ತೈದು ವರ್ಷದಲ್ಲಿ ಮಗೊಹಾಚಿಯ ಹಲಗೆಯಿಂದ ಒಂದು ವೃತ್ತವೂ ಖಾಲಿಯಾಗಿ ಹೊರಗೆ ಹೋಗಿರಲಿಲ್ಲ. ತುಂಬಿದ. ಆ ಶಿರಸ್ತ್ರಾಣ, ಆ ಈಟಿ, ಆ ಕೋಟೆ ನೋಡಿದ ಕೈಗೆ ಕವಚ ಯಾರದೆಂದು ಗೊತ್ತಿತ್ತು. ಕೈ ತನಗೆ ಗೊತ್ತಿದ್ದದ್ದನ್ನೇ ಕೆತ್ತಿತು. ಯಾವ ದಿನ, ಯಾವ ಹೊತ್ತಿನಲ್ಲಿ ಅಂದರೆ ಅವನಿಗೆ ನೆನಪೇ ಇರಲಿಲ್ಲ.

"ಎಷ್ಟು ಹಾಳೆ ಹೊರಗೆ ಹೋಗಿದೆ?" ಎಂದು ಕೇಳಿದ.

"ಒಂದೇ ಒಂದು. ಇವತ್ತು ಬೆಳಿಗ್ಗೆ ತಾನೇ ನೇತು ಹಾಕಿದ್ದೆ. ಮೊದಲ್ನೇ ಗಿರಾಕಿ ಎರಡು ಕತ್ತಿಯವ್ನು. ಸಮುರಾಯ್ ಬೋಣಿ ಮಾಡಿದ್ನಲ್ಲ ಅಂತ ಖುಷಿಯಾಗಿ ಬಗ್ಗಿ ಬಗ್ಗಿ ನಮಸ್ಕಾರ ಹೊಡ್ದೆ. ಅವ್ನು ಈ ಭುಜದ ಮೇಲೆ ಬೆರಳಿಟ್ಕೊಂಡು ನಿಂತ ನೋಡು, ಒಂದು ಬಟ್ಟಲು ಚಹಾ ಕುಡಿಯೋವಷ್ಟು ಹೊತ್ತು. ಒಂದು ಮಾತಿಲ್ಲ. ದುಡ್ಡಿಟ್ಟ, ಸುತ್ತಿಕೊಂಡ, ಹೊರಟ. ಅವನ ಬೆನ್ನಿನ ಮೇಲೆ, ನಿಲುವಂಗಿ ಮೇಲೆ ಏನಿತ್ತು ಗೊತ್ತಾ?"

ಮಗೊಹಾಚಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಮೂರು ಕುಡುಗೋಲು. ಮೂಲೆವರ್ಗೂ ಹಿಂದೆ ಹೋಗಿ ನೋಡ್ದೆ. ಸೇತುವೆ ದಾಟಿ ನಗರಾಧಿಕಾರಿ ಕಚೇರಿ ಕಡೆ ತಿರುಗ್ದ."

ಒತಾಕಿ ಒಲೆಯ ಮುಂದೆ ಎದ್ದು ನಿಂತಳು. ಯಾರೂ ಹೇಳದಿದ್ದರೂ ಮೂವರ ಕಣ್ಣೂ ಮಗೊಹಾಚಿಯ ಕೈಗಳ ಮೇಲೆ ಹೋದವು. ಈ ತಪ್ಪಿಗೆ ಶಿಕ್ಷೆ ಏನೆಂದು ಓಣಿಯ ಬೆಕ್ಕಿಗೂ ಗೊತ್ತಿತ್ತು: ಐವತ್ತು ದಿನ ಕೈಕೋಳ. ಸೆರೆಮನೆಯಲ್ಲಲ್ಲ, ಮನೆಯಲ್ಲೇ. ಎರಡೂ ಮಣಿಕಟ್ಟು ಸೇರಿಸಿ ಕಬ್ಬಿಣ ಹಾಕಿ, ಕೀಲಿನ ಮೇಲೆ ಕಾಗದ ಅಂಟಿಸಿ ಮೊಹರು ಒತ್ತಿ ಹೋಗುತ್ತಾರೆ. ಐದು ದಿನಕ್ಕೊಮ್ಮೆ ಬಂದು ನೋಡುತ್ತಾರೆ. ಕಾಗದ ಹರಿದಿದ್ದರೆ ಆಗ ಸೆರೆಮನೆ. ಪಕ್ಕದ ಓಣಿಯ ಬುನ್‌ಜಿ, ಒಳ್ಳೆಯ ಕೆತ್ತನೆಗಾರ, ಹೋದ ವರ್ಷ ಐವತ್ತು ದಿನ ಕೂತೆದ್ದ. ಕಬ್ಬಿಣ ತೆಗೆದಾಗ ಬೆರಳುಗಳು ಒಣಗಿದ ಮೂಲಂಗಿಯ ಹಾಗೆ ಸೆಟೆದಿದ್ದವು. ಈಗ ಅವನು ಸೋಯಾ ಹಾಲಿನ ಮೆತ್ತನೆಯ ತೋಫು ಮಾರುತ್ತಾನೆ. ತೋಫು ಕತ್ತರಿಸುವುದು ಅವನ ಹೆಂಡತಿ.

"ಈಗೇನ್ಮಾಡೋದು?" ಎಂದಳು ಒತಾಕಿ.

ಯೊಹೇಯಿ ಹೊಟ್ಟೆಬಾಕ, ಆದರೆ ತಲೆ ಚುರುಕು. ಓಡುತ್ತ ಬರುವಾಗಲೇ ಎಲ್ಲ ಯೋಚನೆ ಮಾಡಿದ್ದ. "ಕೇಳು. ಕುಡುಗೋಲಿರೋ ಹಾಳೆ ನಮ್ದಲ್ಲ, ನಕಲಿ. ನಾವು ಅಂಗಡಿಯವ್ರು ಒಬ್ರಿಗೊಬ್ರು ಹಾಳೆ ಅದ್ಲುಬದ್ಲು ಮಾಡ್ಕೊಳ್ತೀವಿ, ಅದ್ರಲ್ಲಿ ಯಾವನೋ ಕಳ್ಳ ಕೆತ್ತಿಸಿದ ಹಾಳೆ ಸೇರ್ಕೊಂಡ್ಬಿಟ್ಟಿದೆ, ನಾನೂ ಮೋಸ ಹೋದೆ ಅಂತೀನಿ. ನಮ್ಮ ಅಸಲಿ ಹಾಳೆ ಹಳೇದು, ಭುಜ ಖಾಲಿ. ಮೂವತ್ತು ಇದೆ ನನ್ನ ಹತ್ರ. ಹೊಸ ಹಾಳೆ ಎಲ್ಲಾ ಸ್ನಾನದ ಮನೆ ಒಲೆಗೆ ತುರುಕಿಸಿ ಬಂದೆ. ಇನ್ನು ಈ ಹಲಗೆ ಒಂದಿದೆ."

"ಸುಡೋದಾ?"

"ಇಲ್ಲ, ದೇವ್ರ ಮನೇಲಿಟ್ಟು ಪೂಜೆ ಮಾಡು. ಸುಡಯ್ಯಾ!"

ಹತ್ತೊಂಬತ್ತು ದಿನದ ಕೆಲಸ. ಮಗೊಹಾಚಿ ಹಲಗೆಯನ್ನು ಕೊಡಲಿಯಿಂದ ಸೀಳಲು ಅಂಗಳಕ್ಕೆ ಒಯ್ದ. ಮೊದಲ ಏಟು ಭುಜದ ಮೇಲೇ ಹಾಕಿದ. ಅದು ಸುಲಭವಾಯಿತು, ಸಿಟ್ಟು ಇತ್ತಲ್ಲ. ಎರಡನೆಯ ಏಟಿಗೆ ಕೈ ಎತ್ತಿದಾಗ ತಲೆಯ ಭಾಗ ಮೇಲಕ್ಕೆ ನೋಡುತ್ತಿತ್ತು. ಕಿವಿಯ ಪಕ್ಕದ ಕೂದಲು. ಒಂದು ಅಕ್ಕಿಕಾಳಿನ ಅಗಲಕ್ಕೆ ನಾಲ್ಕು ಎಳೆ, ಬುಡದಿಂದ ತುದಿಗೆ ಸಣ್ಣವಾಗುತ್ತ ಹೋಗಿ ಕೊನೆಗೆ ಮರದಲ್ಲೇ ಕರಗಿದ ಹಾಗೆ. ಅದನ್ನು ಕೆತ್ತಿದವನು ರಿಂಜೊ.

ರಿಂಜೊ ಆಚೆ ಓಣಿಯಲ್ಲಿದ್ದ. ಹೆಂಡತಿ ಸತ್ತಿದ್ದಳು, ಒಂಟಿ. ಯೊಹೇಯಿಯ ಸಮುರಾಯ್‌ಗಳಿಗೆಲ್ಲ ಅವನೇ ತಲೆ, ಹೆಚ್ಚಿನವಕ್ಕೆ ಮಗೊಹಾಚಿಯೇ ಮೈ. ಆದರೂ ಹನ್ನೆರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಜಗಳ ಯಾವುದಕ್ಕೆ ಅಂದರೆ, ಶಿರಸ್ತ್ರಾಣದಿಂದ ಇಳಿದು ಗದ್ದದ ಕೆಳಗೆ ಗಂಟು ಹಾಕುವ ದಾರಕ್ಕೆ. ಗದ್ದ ತಲೆಗೆ ಸೇರಿದ್ದು, ದಾರ ನಂದು ಅಂತ ರಿಂಜೊ. ದಾರ ಕವಚಕ್ಕೆ ಸೇರಿದ್ದು, ನಂದು ಅಂತ ಮಗೊಹಾಚಿ. ಒಂದು ಸಲ ಇಬ್ಬರೂ ತಮ್ಮದೇ ರೀತಿಯಲ್ಲಿ ಕೆತ್ತಲು ಹೋಗಿ ಒಂದು ಹಲಗೆಯೇ ಹಾಳಾಯಿತು. ಅಲ್ಲಿಂದ ಮುಂದೆ ಹಲಗೆಗಳು ಯೊಹೇಯಿಯ ಕಡೆಯವರ ಹೆಗಲ ಮೇಲೆ ಆ ಮನೆಯಿಂದ ಈ ಮನೆಗೆ ಬರುತ್ತಿದ್ದವು, ಮಾತು ಬರುತ್ತಿರಲಿಲ್ಲ. ಈ ಹಲಗೆಯಲ್ಲಿ ಮಾತ್ರ ಮಗೊಹಾಚಿ ಮೊದಲು ಕೂತಿದ್ದರಿಂದ ಗದ್ದದ ದಾರವನ್ನು ತಾನೇ ಮುಗಿಸಿ ಕಳಿಸಿದ್ದ. ಬೇಕೆಂದೇ.

"ಎಷ್ಟ್ ಹೊತ್ರೀ!" ಎಂದು ಒಳಗಿನಿಂದ ಒತಾಕಿ ಕೂಗಿದಳು.

ಕಣ್ಣು ಮುಚ್ಚಿ ಏಟು ಹಾಕಿದ. ಚೆರಿ ಮರ ಹಠಮಾರಿ, ಒಂದೇ ಸಲ ಹೊತ್ತಿಕೊಳ್ಳುವುದಿಲ್ಲ. ಮಧ್ಯಾಹ್ನದವರೆಗೆ ಒತಾಕಿ ಊದಿದಳು, ಕಣ್ಣಲ್ಲಿ ನೀರು ಸುರಿಸಿಕೊಂಡು ಆ ಹಾಳೆಯನ್ನೂ ಹಲಗೆಯನ್ನೂ ಚೂರು ಚೂರಾಗಿ ಒಲೆಗೆ ಹಾಕಿದಳು. ಮೇಲೊಂದು ಪಾತ್ರೆ ಅನ್ನ ಇಟ್ಟಳು, ಯಾರಾದರೂ ಬಂದರೆ ಅಡುಗೆ ಅನ್ನಿಸಲಿ ಎಂದು. ಅನ್ನ ತಳ ಹಿಡಿಯಿತು. ಯೊಹೇಯಿ ಅದನ್ನೂ ಉಪ್ಪಿನಕಾಯಿ ಮೂಲಂಗಿ ನಂಚಿಕೊಂಡು ಎರಡು ಬಟ್ಟಲು ತಿಂದ.

"ಹೆದ್ರಿಕೆ ಆದ್ರೆ ನಂಗೆ ಹಸಿವಾಗತ್ತೆ," ಎಂದ.

"ರಿಂಜೊಗೆ ಈ ವಿಷ್ಯ ಹೇಳಿದ್ರಾ?" ಮಗೊಹಾಚಿ ಇದ್ದಕ್ಕಿದ್ದ ಹಾಗೆ ಕೇಳಿದ.

ಯೊಹೇಯಿಯ ಬಾಯಿಯ ತುತ್ತು ಹಾಗೇ ನಿಂತಿತು. "ಏನಂತ?"

"ಹಾಳೆ ಮೂಲೇಲಿ, ತಲೆ ಕೆತ್ತಿದವ್ನು ಅಂತ, ಅವನ ಹೆಸರಿದೆ. ಹಳೇ ಹಾಳೇಲೂ ಇದೆ, ಹೊಸದ್ರಲ್ಲೂ ಇದೆ. ಮೊದ್ಲು ಅವನನ್ನೇ ಕೇಳ್ತಾರೆ. ಎರಡೂ ನಂದೇ ಅಂದ್ಬಿಟ್ರೆ?"

ಯೊಹೇಯಿ ಬಟ್ಟಲು ಕೆಳಗಿಟ್ಟು ಎದ್ದ. ಒಂದೇ ಚಪ್ಪಲಿ ಮೆಟ್ಟಿ ಬಾಗಿಲು ಸರಿಸಿದ. ಆಚೆ ಆಗಲೇ ನಾಲ್ಕು ಜನ ನಿಂತಿದ್ದರು.

ಮುಂದೆ ನಗರಾಧಿಕಾರಿ ಕಚೇರಿಯ ಕುವಾನೊ, ಸೊಂಟದಲ್ಲಿ ಕಬ್ಬಿಣದ ಕೋಲು. ಅವನ ಹಿಂದೆ ಎರಡು ಕತ್ತಿಯವನು, ಸಣ್ಣ ಮುಖದ, ಬಿಳಿ ಹುಬ್ಬಿನ ಮುದುಕ. ಬೆನ್ನಿನಲ್ಲೇನಿತ್ತೋ ಕಾಣಲಿಲ್ಲ, ಎದೆಯ ಎರಡೂ ಕಡೆ ಮೂರು ಮೂರು ಕುಡುಗೋಲು ಚೆನ್ನಾಗಿ ಕಂಡವು. ಇನ್ನೊಬ್ಬ ಕಾವಲಿನವನು. ಅವನ ಪಕ್ಕದಲ್ಲಿ, ಕೆಲಸದ ಅಂಗಿಯಲ್ಲೇ ಎಬ್ಬಿಸಿಕೊಂಡು ಬಂದವನ ಹಾಗೆ, ರಿಂಜೊ.

"ಚಿತ್ರದಂಗಡಿಯವ್ರೂ ಇಲ್ಲೇ ಇದೀರಾ? ಒಳ್ಳೇದಾಯ್ತು. ನನ್ಗೆ ನಡೆಯೋದು ಉಳೀತು," ಎಂದ ಕುವಾನೊ.

ಎಲ್ಲರೂ ಹಣೆ ಚಾಪೆಗೆ ತಾಗುವ ಹಾಗೆ ಬಾಗಿದರು. ಕುವಾನೊ ಕೂತು ಎರಡು ಹಾಳೆಗಳನ್ನು ಅಕ್ಕಪಕ್ಕ ಹಾಸಿದ. ಒಂದು ಕಚೇರಿಯಲ್ಲಿ ಇಟ್ಟಿದ್ದ ಹಳೆಯದು, ಭುಜ ಖಾಲಿ. ಇನ್ನೊಂದರಲ್ಲಿ ಕುಡುಗೋಲು. ಮುದುಕ ಸಮುರಾಯ್ ಸ್ವಲ್ಪ ದೂರದಲ್ಲಿ ಕೂತು ದೊಡ್ಡ ಕತ್ತಿಯನ್ನು ಬಲಪಕ್ಕಕ್ಕೆ ಇಟ್ಟುಕೊಂಡ.

ಯೊಹೇಯಿ ತನ್ನ ಪಾಠ ಒಪ್ಪಿಸಿದ. ಅದಲುಬದಲು, ಕಳ್ಳರು, ತಾನು ಪಾಪದವನು, ತನ್ನ ಅಪ್ಪನೂ ಪಾಪದವನು. ಕುವಾನೊ ಹೂಂ ಹೂಂ ಅನ್ನುತ್ತ ಕೇಳಿದ. ಆಮೇಲೆ ಮಗೊಹಾಚಿಯ ಕಡೆ ತಿರುಗಿದ.

"ಇವ್ರ ಸಮುರಾಯ್ ಮೈಯೆಲ್ಲಾ ನೀನೇ ಕೆತ್ತೋದಂತೆ. ಇದನ್ನ ಕೆತ್ತಿದ್ದು ನೀನಾ?"

"ಅಲ್ಲ ದೊರೆ. ಹಳೇದನ್ನ ಕೆತ್ತಿದವ್ನು ಒಸಾಕಾಗೆ ಹೋದ. ಈ ಇನ್ನೊಂದನ್ನ ನಾನು ಇವತ್ತೇ ನೋಡ್ತಿರೋದು."

ಮಾತು ಸರಿಯಾಗಿಯೇ ಬಂತು. ಕುವಾನೊ ತಲೆಯಾಡಿಸಿ ರಿಂಜೊನನ್ನು ಹತ್ತಿರ ಕರೆದ.

"ಎರಡರಲ್ಲೂ ನಿನ್ನ ಹೆಸರಿದೆ. ಯಾವ್ದು ನಿಂದು?"

ರಿಂಜೊ ಹಾಳೆಗಳ ಮೇಲೆ ಬಗ್ಗಿದ. ಉದ್ದ ಕತ್ತಿನ, ಕೊಕ್ಕರೆಯಂಥ ಮನುಷ್ಯ. ಬಹಳ ಹೊತ್ತು ನೋಡಿದ. ಮಗೊಹಾಚಿ ಅವನ ಮೂಗಿನ ತುದಿಯನ್ನೇ ನೋಡುತ್ತಿದ್ದ. ಎರಡೂ ನಂದು ಅಂದರೆ ಮುಗಿಯಿತು. ಯಾಕೆ ಅನ್ನಬಾರದು? ಹನ್ನೆರಡು ವರ್ಷದಿಂದ ಕಾದವನು, ಕಷ್ಟಪಟ್ಟು ಸುಳ್ಳು ಯಾಕೆ ಹೇಳಬೇಕು?

ಆಗ ರಿಂಜೊನ ಮೂಗು ಒಂದು ಸಲ ಅರಳಿತು. ಮತ್ತೊಂದು ಸಲ. ಸುಡುವ ಚೆರಿ ಮರಕ್ಕೆ ಒಂದು ವಾಸನೆ ಇದೆ, ಸಿಹಿಯಾದದ್ದು. ಕುವಾನೊಗೆ ಅದು ಒಲೆಯ ಹೊಗೆ. ಮೂವತ್ತು ವರ್ಷ ಆ ಮರದ ಹೊಟ್ಟಿನಲ್ಲಿ ಮುಳುಗಿದವನಿಗೆ ಅದು ಬೇರೆ. ರಿಂಜೊ ತಲೆಯೆತ್ತಿ ಒಲೆಯನ್ನು ನೋಡಿದ, ಒತಾಕಿಯ ಕೆಂಪು ಕಣ್ಣು ನೋಡಿದ. ಕೊನೆಗೆ ಮಗೊಹಾಚಿಯ ಮುಖ ನೋಡಿದ. ಇಬ್ಬರ ಕಣ್ಣು ಸೇರಿದ್ದು ಹನ್ನೆರಡು ವರ್ಷದ ಮೇಲೆ.

"ಇದು ನಂದು," ಎಂದು ಹಳೆಯ ಹಾಳೆ ಮುಟ್ಟಿದ. "ಆ ಕುಡುಗೋಲಿಂದು ನಂದಲ್ಲ."

ಯೊಹೇಯಿ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಹೆಂಗೆ ಹೇಳ್ತೀಯಾ?" ಎಂದ ಕುವಾನೊ.

"ಕೂದ್ಲು ನೋಡಿ ದೊರೆ." ರಿಂಜೊನ ಧ್ವನಿ ಸಣ್ಣಗಾಯಿತು. "ಈ ಕಿವಿ ಪಕ್ಕದ್ದು. ಇದು... ಇದು ಕೂದ್ಲಲ್ಲ. ಪೊರಕೆ ಕಡ್ಡಿ. ಬುಡ ದಪ್ಪ, ತುದಿ ದಪ್ಪ. ಚಾಕು ಹಿಡಿಯಕ್ಕೆ ಬಾರದವ್ನ ಕೆಲ್ಸ."

ಹೇಳುತ್ತ ಹೇಳುತ್ತ ಅವನ ಹಣೆಯಲ್ಲಿ ಬೆವರು ಮೂಡಿತು. ಅದು ಅವನು ಹುಟ್ಟಿದ ಮೇಲೆ ಕೆತ್ತಿದ ಅತ್ಯಂತ ಒಳ್ಳೆಯ ಕೂದಲು. ಹಳೆಯ ಹಾಳೆಯದಕ್ಕಿಂತ ಎಷ್ಟೋ ಮೇಲು. ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಮಗೊಹಾಚಿ ತಲೆ ತಗ್ಗಿಸಿದ. ತನಗಾಗಿ ಒಬ್ಬ ಮನುಷ್ಯ ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಾನೆ, ಅದೂ ಈ ಮನುಷ್ಯ.

ಕುವಾನೊಗೆ ಸಾಕಾಗಿತ್ತು. ಕಾಗದ ಮಡಿಸಲು ಕೈ ಹಾಕಿದ. ಅಷ್ಟರಲ್ಲಿ ಮುದುಕ ಸಮುರಾಯ್ ಮೊದಲ ಸಲ ಬಾಯಿ ಬಿಟ್ಟ.

"ನನಗೆ ಎರಡು ಕೂದಲೂ ಒಂದೇ ಥರ ಕಾಣ್ತಾವೆ," ಎಂದ ಮೆಲ್ಲಗೆ. "ವಯಸ್ಸಾಯಿತು. ಇನ್ನೇನಾದರೂ ವ್ಯತ್ಯಾಸ ಇದ್ದರೆ ತೋರಿಸು. ದೊಡ್ಡದು ಯಾವುದಾದರೂ."

ರಿಂಜೊ ತೊಡೆಯ ಮೇಲೆ ಅಂಗೈ ಒರೆಸಿಕೊಂಡ. ಕೂದಲಿನಿಂದ ಕೆಳಗಿಳಿದ. ಕೆಳಗಿದ್ದದ್ದು ಕವಚ.

"ಇದೋ, ಈ ಹೆಣಿಗೆ ನೋಡಿ," ಎಂದ. ಈ ಸಲ ಧ್ವನಿ ಸಣ್ಣಗಿರಲಿಲ್ಲ. "ಇದು ರೇಷ್ಮೆ ದಾರದ ಹೆಣಿಗೆಯಾ? ಹುಲ್ಲು ಹೆಣೆದ ಅಕ್ಕಿಮೂಟೆ. ಗುದ್ದಲಿ ತಗೊಂಡು ಅಗೆದಿದಾನೆ."

ಮಗೊಹಾಚಿಯ ಕಿವಿ ಬಿಸಿಯಾಯಿತು. ಸುಳ್ಳು, ಇದು ಸುಳ್ಳು, ನನ್ನ ಉಳಿಸೋದಕ್ಕೆ ಹೇಳುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡ.

"ಮೊಣಕಾಲಿನ ಕವಚ ನೋಡಿ ದೊರೆ. ಈ ಮನುಷ್ಯನಿಗೆ ಮೊಣಕಾಲೇ ಇಲ್ಲ. ಕುಂಬಳಕಾಯಿ ಕಟ್ಕೊಂಡು ಓಡ್ತಿದಾನೆ." ರಿಂಜೊ ಮುಂಗಾಲ ಮೇಲೆ ಎದ್ದಿದ್ದ. ಕಣ್ಣು ಹೊಳೆಯುತ್ತಿತ್ತು. ಅಣೆಕಟ್ಟು ಒಡೆದ ಹಾಗೆ ಬರುತ್ತಿತ್ತು, ಹನ್ನೆರಡು ವರ್ಷದ್ದೆಲ್ಲ. "ಈಟಿ ಹಿಡಿದ ತೋಳು! ತೋಳು ಅಂತಾರಾ ಇದನ್ನ? ಇಂಥವ್ನ ಕೈಗೆ ಚೆರಿ ಮರ ಕೊಟ್ಟವ್ರು ಯಾರು? ಸೌದೆ ಒಡಿಯಕ್ಕೆ ಕಳಿಸ್ಬೇಕು."

ಒತಾಕಿ ಹಿಂದಿನಿಂದ ಗಂಡನ ಸೊಂಟ ಚಿವುಟಿ ಹಿಡಿದಳು. ಮಗೊಹಾಚಿ ಹಲ್ಲು ಕಚ್ಚಿದ. ಇನ್ನೇನು ಮುಗಿಯಿತು. ಕುವಾನೊ ನಗುತ್ತಿದ್ದಾನೆ. ಸಹಿಸು, ಐವತ್ತು ದಿನ, ಬುನ್‌ಜಿಯ ಬೆರಳು, ಸಹಿಸು.

"ಎಲ್ಲಕ್ಕಿಂತ ಮೇಲೆ ಇದು." ರಿಂಜೊ ಗದ್ದದ ಮೇಲೆ ಬೆರಳು ಕುಟ್ಟಿದ. "ಈ ಗದ್ದದ ದಾರ. ಗಂಟು ನೋಡಿ ಇದನ್ನ. ಸತ್ತ ನಾಯಿ ಎಳಿಯೋ ಹಗ್ಗ. ದಾರ ಕೆತ್ತಕ್ಕೆ ಬಾರದವ್ನು ಅದಕ್ಕೆ ಕೈ ಹಾಕ್ಬಾರ್ದು ಅಂತ ನಾನು ಮೊದ್ಲಿಂದ..."

"ಮುಚ್ಚೋ ಬಾಯಿ!"

ಮಗೊಹಾಚಿ ಎದ್ದು ನಿಂತಿದ್ದ. ಯಾವಾಗ ಎದ್ದ ಎಂದು ಅವನಿಗೂ ಗೊತ್ತಿಲ್ಲ. "ನಾಲ್ಕು ದಿನ ಕೂತಿದೀನಿ ಆ ಗಂಟಿಗೆ! ನಾಲ್ಕು ದಿನ! ನಿನ್ನ ಕೈಲಿ ಹತ್ತು ಜನ್ಮಕ್ಕೆ ಆಗತ್ತೇನೋ ಅಂಥ ಗಂಟು? ಎಳೆ ಎಳೆ ಹೊಸೆದಿರೋದು ಕಾಣಲ್ವೇನೋ ಕುರುಡ?"

ಕುವಾನೊನ ನಗು ನಿಂತಿತು.

ಯೊಹೇಯಿ ನಿಧಾನವಾಗಿ ಹಣೆಯನ್ನು ಚಾಪೆಗೆ ತಾಗಿಸಿದ, ಮತ್ತೆ ಮೇಲೆತ್ತಲಿಲ್ಲ. ರಿಂಜೊ ಬಾಯಿ ತೆರೆದುಕೊಂಡೇ ಕೂತ. ತಾನೇನು ಮಾಡಿದೆ ಎಂದು ಅವನಿಗೆ ಆಗ ಹೊಳೆದಿರಬೇಕು. ಮುಖ ಬೂದಿಬಣ್ಣಕ್ಕೆ ತಿರುಗಿತು.

"ನಾಲ್ಕು ದಿನಾನಾ?" ಎಂದ ಕುವಾನೊ, ಮಳೆ ಬಂತಾ ಎಂದು ಕೇಳುವವನ ಹಾಗೆ.

ಮಗೊಹಾಚಿ ಕೂತ. ಸುಮ್ಮನೆ ಎರಡೂ ಕೈ ಮುಂದೆ ಚಾಚಿದ.

"ಹೌದು ದೊರೆ. ಕುಡುಗೋಲಿಗೆ ಮಾತ್ರ ಎಷ್ಟು ಹೊತ್ತು ಹಿಡೀತು ಗೊತ್ತಿಲ್ಲ. ಖಾಲಿ ಇತ್ತು, ತುಂಬಿದೆ. ಯಜಮಾನ್ರಿಗೆ ಗೊತ್ತಿರ್ಲಿಲ್ಲ. ಇವ್ನಿಗೂ ಗೊತ್ತಿರ್ಲಿಲ್ಲ, ನನ್ನ ಹಲಗೆ ಸುಟ್ಟ ವಾಸ್ನೆ ಬಂತು, ಸುಳ್ಳು ಹೇಳ್ದ. ಅಷ್ಟೇ."

ಮುದುಕ ಸಮುರಾಯ್ ಎದ್ದು ಕತ್ತಿ ಸೊಂಟಕ್ಕೆ ಸಿಕ್ಕಿಸಿದ. ಕುಡುಗೋಲಿನ ಹಾಳೆಯನ್ನು ಕುವಾನೊ ಸಾಕ್ಷಿಗೆಂದು ಮಡಿಸುತ್ತಿದ್ದ. ಮುದುಕ ಅದರ ಮೇಲೆ ಇನ್ನೊಂದು ಸಲ ಕಣ್ಣು ಹಾಯಿಸಿ ರಿಂಜೊನ ಕಡೆ ತಿರುಗಿದ.

"ಕೂದಲು ಚೆನ್ನಾಗಿದೆ," ಎಂದ. "ಸುಳ್ಳು ಹೇಳುವಾಗ ನಿನ್ನ ತುಟಿ ನಡುಗಿತು. ಕವಚ ಬೈಯುವಾಗ ನಡುಗಲಿಲ್ಲ." ಹೊರಟು ಹೋದ.

ತೀರ್ಪು ಬರಲು ಏಳು ದಿನ ಹಿಡಿಯಿತು. ಯೊಹೇಯಿಯ ಅಂಗಡಿ ಒಂದು ತಿಂಗಳು ಮುಚ್ಚಬೇಕು. ಮಗೊಹಾಚಿಗೆ ಐವತ್ತು ದಿನ ಕೈಕೋಳ. ಅಧಿಕಾರಿಯ ಎದುರು ಸುಳ್ಳು ಹೇಳಿದ್ದಕ್ಕೆ ರಿಂಜೊಗೂ ಐವತ್ತು ದಿನ. ಕೈಕೋಳ ಹಾಕಿದವನು ತಾನಾಗಿ ಉಣ್ಣಲಾರ, ಮೂಗು ಒರೆಸಿಕೊಳ್ಳಲಾರ. ರಿಂಜೊಗೆ ಮನೆಯಲ್ಲಿ ಯಾರಿಲ್ಲ. ಓಣಿಯ ಹಿರಿಯರು ಕೂಡಿ ಮಾತಾಡಿ ಒಂದು ಉಪಾಯ ಮಾಡಿದರು, ಅವರ ಬುದ್ಧಿಗೆ ಏನನ್ನೋಣ: ರಿಂಜೊನನ್ನು ತಂದು ಮಗೊಹಾಚಿಯ ಮನೆಯಲ್ಲೇ ಕೂರಿಸಿದರು. ಒಂದೇ ಮನೆಯಾದರೆ ಮೊಹರು ನೋಡಲು ಬರುವವನಿಗೂ ಅನುಕೂಲವಂತೆ.

ಒತಾಕಿ ಇಬ್ಬರ ನಡುವೆ ಕೂತು ಒಂದು ತುತ್ತು ಆ ಬಾಯಿಗೆ, ಒಂದು ತುತ್ತು ಈ ಬಾಯಿಗೆ ಇಡುತ್ತಿದ್ದಳು. ಮೊದಲ ಎಂಟು ದಿನ ಮಾತಿಲ್ಲ. ಒಬ್ಬ ಗೋಡೆ ನೋಡುತ್ತಿದ್ದ, ಇನ್ನೊಬ್ಬ ಕಿಟಕಿ. ಸೆಕೆಗೆ ಕಬ್ಬಿಣದ ಕೆಳಗೆ ಚರ್ಮ ಕೆಂಪಾಗಿ ಕೆರೆತ ಶುರುವಾಯಿತು. ಮಗೊಹಾಚಿಯ ಬೆರಳುಗಳು ಊದಿ ಹೊಳೆಯತೊಡಗಿದವು. ಅವನು ಅವನ್ನು ಮಡಿಲಲ್ಲಿಟ್ಟುಕೊಂಡು ದಿನವಿಡೀ ನೋಡುತ್ತಿದ್ದ, ತನ್ನದಲ್ಲದ ಯಾವುದೋ ಪ್ರಾಣಿಯನ್ನು ನೋಡುವ ಹಾಗೆ.

ಒಂಬತ್ತನೇ ದಿನ ರಿಂಜೊ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ, "ಆಡಿಸ್ತಿರ್ಬೇಕು."

"ಏನು?"

"ಬೆರಳು. ಬುನ್‌ಜಿ ಆಡಿಸ್ಲಿಲ್ಲ. ಅಳ್ತಾ ಕೂತಿದ್ದ, ನಾನೇ ನೋಡಿದೀನಿ. ಆಡಿಸು."

"ನೋಯತ್ತೆ."

"ನೋಯ್ದೆ ಇನ್ನೇನು ಕಚಗುಳಿ ಆಗತ್ತಾ? ನಾನು ಬೆಳಿಗ್ಗೆಯಿಂದ ಮುನ್ನೂರು ಸಲ ಮಾಡ್ದೆ."

ಮಗೊಹಾಚಿ ಬೆರಳು ಮಡಿಸಿದ. ಕಣ್ಣಲ್ಲಿ ನೀರು ಬಂತು. ಬಿಡಿಸಿದ. ಸಂಜೆಯ ಹೊತ್ತಿಗೆ ಮುನ್ನೂರ ಹತ್ತು ಮಾಡಿ ಒಂದು ಸಲ ಕೆಮ್ಮಿದ. ರಿಂಜೊ ಮರುದಿನ ನಾನೂರು ಮಾಡಿದ. ಅಲ್ಲಿಂದ ಇಬ್ಬರೂ ಹಠಕ್ಕೆ ಬಿದ್ದರು. ಬೆಳಗಾದರೆ ಎಣಿಕೆ. ಒಬ್ಬನಿಗೆ ಎಣಿಕೆ ತಪ್ಪಿದರೆ ಇನ್ನೊಬ್ಬ ಮೋಸಗಾರ ಎನ್ನುತ್ತಿದ್ದ. ಬೆರಳಾಡಿಸುವ ಭರಕ್ಕೆ ಮೊಹರಿನ ಕಾಗದ ಎಲ್ಲಿ ಹರಿಯುತ್ತದೋ ಎಂದು ಒತಾಕಿಗೆ ಜೀವ ಹಾರುತ್ತಿತ್ತು. ಇಪ್ಪತ್ತಾರನೇ ದಿನ ಮಗೊಹಾಚಿಯ ಕಾಗದದ ಒಂದು ಅಂಚು ಬೆವರಿಗೆ ಮೇಲೆದ್ದಿತು. ಅವಳು ಒಂದು ಅನ್ನದಗುಳು ಅರೆದು, ಉಸಿರು ಬಿಗಿಹಿಡಿದು ಅಂಟಿಸಿದಳು. ಕಾವಲಿನವನು ಬಂದು ಬಗ್ಗಿ ನೋಡಿದ, ಮೂಸಿ ನೋಡಿದ.

"ಏನಿದು, ಗಂಜಿ ವಾಸ್ನೆ?"

"ಊಟ ನಾನೇ ತಿನ್ನಿಸ್ತೀನಲ್ಲಪ್ಪಾ," ಎಂದಳು ಒತಾಕಿ. "ಎರಡು ಮುದಿ ಕೂಸುಗಳು. ಚೆಲ್ಲದೇ ಇರ್ತಾವಾ? ನಿನ್ಗೂ ಒಂದು ತುತ್ತು ಇಡ್ಲಾ?"

ಅವನು ನಗುತ್ತ ಹೋದ. ಅವಳು ಅಲ್ಲೇ ಕುಸಿದು ಕೂತಳು.

ಐವತ್ತನೇ ದಿನ ಬೆಳಿಗ್ಗೆ ಕುವಾನೊ ತಾನೇ ಬಂದು ಮೊಹರು ಕಿತ್ತು ಕಬ್ಬಿಣ ತೆಗೆದ. ಇಬ್ಬರ ಮಣಿಕಟ್ಟೂ ಬಿಳಿಚಿಕೊಂಡು ನೀರಿನಲ್ಲಿ ನೆನೆದ ಕಾಗದದ ಹಾಗಿದ್ದವು. ಅವನು ಹೋದ ಮೇಲೆ ಒತಾಕಿ ಕಿಟಕಿಯ ಕೆಳಗೆ ಮಣೆ ಎಳೆದಳು, ಅದರ ಮೇಲೆ ಅಂಗೈಯಷ್ಟು ಚೆರಿ ಮರದ ತುಂಡಿಟ್ಟಳು, ಪಕ್ಕದಲ್ಲಿ ಚಾಕು ಇಟ್ಟಳು. ಆಮೇಲೆ ನೋಡಲಾರದೆ ನೀರಿನ ನೆಪ ಹೇಳಿ ಬಾವಿಗೆ ಹೋದಳು.

ಮಗೊಹಾಚಿ ಚಾಕು ಹಿಡಿದ. ಹಿಡಿತ ಸಿಕ್ಕಿತು, ಆದರೆ ಹೆಬ್ಬೆರಳು ಎಲ್ಲೋ ದೂರದಲ್ಲಿತ್ತು. ತುದಿಯನ್ನು ಮರಕ್ಕೆ ಊರಿ ತನ್ನ ಕಡೆಗೆ ಎಳೆದ. ಒಂದು ಉಗುರಿನಷ್ಟು ಹೋಗಿ ಗೆರೆ ಜಾರಿತು.

ರಿಂಜೊ ಪಕ್ಕದಲ್ಲಿ ಕೂತಿದ್ದ. ಈ ಮನುಷ್ಯ ಈಗ ಏನಾದರೂ ಅನ್ನುತ್ತಾನೆ, ಅಂದರೆ ಚಾಕುವಿನಿಂದಲೇ ತಿವಿಯುತ್ತೇನೆ ಎಂದುಕೊಂಡ ಮಗೊಹಾಚಿ. ರಿಂಜೊ ಏನೂ ಅನ್ನಲಿಲ್ಲ.

ಎರಡನೆಯ ಗೆರೆ ನಡುಗಿತು, ಆದರೆ ಜಾರಲಿಲ್ಲ. ಮೂರನೆಯದಕ್ಕೆ ಮಗೊಹಾಚಿ ಉಸಿರು ಹಿಡಿದ. ಚಾಕು ಮರದೊಳಗೆ ಇಳಿಯುವ ಸಣ್ಣ ಸದ್ದು ಕೇಳಿಸಿತು, ಐವತ್ತು ದಿನದಿಂದ ಕೇಳದ ಸದ್ದು. ಗೆರೆ ಹೊರಟಿತು. ಒಂದು ಬೆರಳಗಲ, ಎರಡು ಬೆರಳಗಲ, ಮೂರು. ಅಂಚಿನವರೆಗೂ ಬಂದು ನಿಂತಿತು. ಕೊನೆಯಲ್ಲಿ ಸ್ವಲ್ಪ ದಪ್ಪ. ಆದರೂ ಗೆರೆ.

ಅವನು ಮೇಲೆ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು, ಅದೂ ಇವನ ಎದುರಿಗೆ.

"ಸರಿ, ಸರಿ. ಕೂತ್ಕೊಂಡು ಮುದ್ದು ಮಾಡ್ಬೇಡ," ಎಂದ ರಿಂಜೊ. "ಈಗ ನನ್ಗೆ ಕೊಡು."

ಮಗೊಹಾಚಿ ಚಾಕುವನ್ನು ತಿರುಗಿಸಿ ಹಿಡಿ ಅವನ ಕಡೆ ಮಾಡಿ ಕೊಟ್ಟ. ಮರದ ತುಂಡನ್ನು ಅವನ ಮುಂದಕ್ಕೆ ಸರಿಸಿದ, ಬೆಳಕಿಗೆ ಅಡ್ಡವಾಗದ ಹಾಗೆ ಪಕ್ಕಕ್ಕೆ ಜರುಗಿ ಕೂತ. ರಿಂಜೊನ ಹೆಬ್ಬೆರಳು ಹಿಡಿಯ ಮೇಲೆ ಜಾಗ ಹುಡುಕುತ್ತಿತ್ತು. ಮಗೊಹಾಚಿ ಆ ಹೆಬ್ಬೆರಳನ್ನೇ ನೋಡುತ್ತ, ಉಸಿರು ಬಿಡುವುದನ್ನು ಮರೆತು ಕೂತ.